ರಕ್ತದ ವರದಿ ಓದುವ ಮುನ್ನ ಉಸಿರನ್ನು ಗಮನಿಸಿ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವಿಗೆ ತುತ್ತಾದವರು ಕಲಬುರಗಿಯ ಹಿರಿಯರೊಬ್ಬರು. ಯಾರ ಕಾಯಿಲೆ ಉಲ್ಬಣಿಸಬಹುದು ಎಂಬುದನ್ನು ಮೊದಲೇ ಅರಿಯಲು ವೈದ್ಯರು ಆಗ ರಕ್ತದಲ್ಲಿ ಸುಳಿವು ಹುಡುಕತೊಡಗಿದರು. ಸಿಆರ್‌ಪಿ, ಡಿ-ಡೈಮರ್ ಎಂಬ ಹೆಸರುಗಳು ನಮ್ಮ ಗದಗ-ಬೆಟಗೇರಿಯ ಮನೆಗಳಿಗೂ ಬಂದದ್ದು ಹೀಗೆ. ತೀವ್ರ ವೈರಲ್ ಜ್ವರ ಬಂದಾಗ ಇಂದಿಗೂ ಈ ವರದಿಗಳು ನಿಮ್ಮ ಕೈಸೇರುತ್ತವೆ.

ಇವು ಏನು ಹೇಳುತ್ತವೆ?

ದೇಹದಲ್ಲಿ ಉರಿಯೂತವಾದಾಗ ಯಕೃತ್ತು ಸಿಆರ್‌ಪಿಯನ್ನು ಹೆಚ್ಚು ತಯಾರಿಸುತ್ತದೆ. ರಕ್ತದ ಹೆಪ್ಪು ಕರಗುವಾಗ ಉಳಿಯುವ ತುಣುಕೇ ಡಿ-ಡೈಮರ್. ಜೀವಕೋಶಗಳಿಗೆ ಹಾನಿಯಾದರೆ ಎಲ್‌ಡಿಎಚ್ ಏರುತ್ತದೆ. ಇವು ಏರುತ್ತಾ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಳಿಯುತ್ತಾ ಹೋದರೆ ಎಚ್ಚರ ಅಗತ್ಯ.

ಆದರೆ ಒಂದೇ ಅಂಕಿಯಿಂದ ಭವಿಷ್ಯ ಹೇಳಲಾಗದು. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಡಿ-ಡೈಮರ್ ಹೇಗೂ ಹೆಚ್ಚಿರಬಹುದು. ಅಳತೆಯನ್ನೂ ನೋಡಿ: ಸಿಆರ್‌ಪಿ ಡೆಸಿಲೀಟರ್‌ಗೆ 5 ಮಿಲಿಗ್ರಾಂ ಎಂದರೂ ಲೀಟರ್‌ಗೆ 50 ಮಿಲಿಗ್ರಾಂ ಎಂದರೂ ಒಂದೇ. ಎರಡು ಲ್ಯಾಬ್‌ಗಳ ವರದಿ ಹೋಲಿಸಿ "ಹತ್ತು ಪಟ್ಟು ಏರಿದೆ" ಎಂದು ಗಾಬರಿಯಾಗಬೇಡಿ.

ಸ್ಟಿರಾಯ್ಡ್ ನೀವಾಗಿಯೇ ಬೇಡ

ಸಿಆರ್‌ಪಿ ಹೆಚ್ಚಿದೆ ಎಂದು ಅಂಗಡಿಯಿಂದ ಸ್ಟಿರಾಯ್ಡ್ ತಂದು ನುಂಗುವುದು ಅಪಾಯ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ಜೀವ ಉಳಿಸಿದ್ದು ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದ ಕೋವಿಡ್ ರೋಗಿಗಳಲ್ಲಿ. ಉಳಿದವರಿಗೆ ಪ್ರಯೋಜನ ಕಾಣಲಿಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯ ಜೊತೆ ಸ್ಟಿರಾಯ್ಡ್ ಸೇರಿ 2021ರಲ್ಲಿ ಕಪ್ಪು ಶಿಲೀಂಧ್ರ ಎಷ್ಟು ಜನರನ್ನು ಕಾಡಿತೆಂಬುದು ನಿಮಗೆ ನೆನಪಿರಬಹುದು.

ಮನೆಯಲ್ಲಿ ಹೀಗೆ ಮಾಡಿ

* ಪಲ್ಸ್ ಆಕ್ಸಿಮೀಟರನ್ನು ಮೆಹೆಂದಿ, ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಿ. ಆಮ್ಲಜನಕ 94ಕ್ಕಿಂತ ಕಡಿಮೆಯಾದರೆ, ಏದುಸಿರು ಬಂದರೆ, ರೋಗಿ ಗೊಂದಲಕ್ಕೊಳಗಾದರೆ ರಕ್ತದ ವರದಿಗಾಗಿ ಕಾಯಬೇಡಿ.

* ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಗದಗಿನ ಜಿಮ್ಸ್ ಆಸ್ಪತ್ರೆ ತಲುಪಲು ಬೇಕಾಗುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾತ್ರಿಯಾಯಿತೆಂದು ಬೆಳಗಿನವರೆಗೆ ತಡೆಯದೆ 108ಕ್ಕೆ ಕರೆ ಮಾಡಿ.

* ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ವೈದ್ಯರಿಗೆ ಮುಖ್ಯ.

ಜೋಶಾಂದಾ ಗಂಟಲಿಗೆ ಹಿತ ಕೊಡುತ್ತದೆ, ನಾನೂ ಬರೆದುಕೊಡುತ್ತೇನೆ. ಆದರೆ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಉಸಿರು ಸೋಲುತ್ತಿರುವಾಗ ಬೇಕಾದದ್ದು ಆಮ್ಲಜನಕ, ಕಷಾಯವಲ್ಲ.