ಪುಟ್ಟ ವಿಮಾನಕ್ಕೆ ಕಾಲದ ಬಣ್ಣ

ಪ್ರತಿಮೆ ಎಂದೊಡನೆ ನಮಗೆ ದೇವಾಲಯದ ವಿಗ್ರಹವೇ ನೆನಪಿಗೆ ಬರುತ್ತದೆ. ಆದರೆ ಸಂಸ್ಕೃತದಲ್ಲಿ ‘ಮಾ’ ಎಂಬ ಧಾತುವಿಗೆ ಅಳೆಯುವುದೆಂದರ್ಥ. ‘ಪ್ರತಿ’ ಎಂಬ ಉಪಸರ್ಗ ಸೇರಿದರೆ, ಮೂಲವಸ್ತುವನ್ನು ಎದುರಿಗಿಟ್ಟುಕೊಂಡು ಅದಕ್ಕೆ ಸರಿಯಾಗಿ ಅಳೆದು ಮಾಡಿದುದು ಎಂಬ ಭಾವ ಬರುತ್ತದೆ. ಈ ಅರ್ಥದಲ್ಲಿ, ಬಾಲಕರೂ ವಯಸ್ಕರೂ ಪ್ಲಾಸ್ಟಿಕ್ಕಿನ ತುಂಡುಗಳನ್ನು ಜೋಡಿಸಿ ಮಾಡುವ ಪುಟ್ಟ ವಿಮಾನಗಳೂ ಪ್ರತಿಮೆಗಳೇ ಸರಿ. ಅವನ್ನು ಆಟದ ಸಾಮಾನೆಂದು ತಳ್ಳಿಹಾಕುವ ಹಿರಿಯರು ಒಂದು ಸಂಜೆ ಆ ಮೇಜಿನ ಬಳಿ ಕುಳಿತು ನೋಡಿದರೆ, ಅವರ ಅಭಿಪ್ರಾಯ ಬದಲಾಗದಿರಲಾರದು.

ಉದಾಹರಣೆಗೆ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ‘ಮಾರುತ’ವೆಂಬ ಜೆಟ್ ಯುದ್ಧವಿಮಾನವನ್ನು ತೆಗೆದುಕೊಳ್ಳೋಣ. ಜರ್ಮನಿಯ ವಿಮಾನಶಿಲ್ಪಿ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಇದರ ರೂಪರೇಖೆ ಸಿದ್ಧವಾಯಿತು. ೧೯೬೧ನೆಯ ಇಸವಿ ಜೂನ್ ೧೭ರಂದು ಸುರಂಜನ್ ದಾಸರು ಇದನ್ನು ಮೊದಲಬಾರಿಗೆ ಹಾರಿಸಿದರು. ೧೯೭೦ರ ಜನವರಿಯಲ್ಲಿ ಇದೇ ಜಾತಿಯ ವಿಮಾನವೊಂದನ್ನು ಪರೀಕ್ಷಿಸುತ್ತಿರುವಾಗಲೇ ಆ ಧೀರರು ಪ್ರಾಣವನ್ನು ತೆತ್ತರು. ನಗರದ ಒಂದು ರಸ್ತೆಗೆ ಅವರ ಹೆಸರನ್ನಿಟ್ಟಿದ್ದಾರೆ. ಒಟ್ಟು ೧೪೭ ಮಾರುತಗಳು ನಿರ್ಮಾಣವಾದುವು. ೧೯೭೧ರ ಡಿಸೆಂಬರ್ ಯುದ್ಧದಲ್ಲಿ ಅವು ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿದುವು. ಎರಡು ಯಂತ್ರಗಳಲ್ಲಿ ಒಂದು ಕೆಟ್ಟರೂ ಮತ್ತೊಂದರ ಬಲದಿಂದಲೇ ನೆಲೆಗೆ ಮರಳಿದ ನಿದರ್ಶನಗಳುಂಟು. ಈಗ ಅವು ಹಾರುವುದಿಲ್ಲ. ಕಸ್ತೂರಿಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದನ್ನು ನಿಲ್ಲಿಸಿದ್ದಾರೆ. ಅನೇಕ ವಾಚಕರು ನೋಡಿರಬಹುದು.

ನಿಜವಾದ ಮಾರುತದ ಉದ್ದ ಸುಮಾರು ೧೫.೯ ಮೀಟರು, ರೆಕ್ಕೆಗಳ ಹರವು ೯ ಮೀಟರು. ಮಾದರಿ ಕಟ್ಟುವವರಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ ೭೨ರಲ್ಲಿ ಒಂದು. ಅದರಂತೆ ಉದ್ದ ೨೨ ಸೆಂಟಿಮೀಟರು, ಹರವು ೧೨.೫ ಸೆಂಟಿಮೀಟರು ಆಗುತ್ತದೆ, ಅಂಗೈಮೇಲೆ ನಿಲ್ಲುವಷ್ಟು.

ಕಟ್ಟುವ ಕ್ರಮ ಹೀಗಿದೆ. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಅಂಟಿಸದೆಯೇ ಒಮ್ಮೆ ಜೋಡಿಸಿ ನೋಡಬೇಕು. ಇಲ್ಲಿ ಬಳಸುವ ಅಂಟು ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ಮೈಗಳನ್ನು ಒಂದುಮಾಡುತ್ತದೆ. ಅದರ ಆವಿ ಒಳ್ಳೆಯದಲ್ಲವಾದುದರಿಂದ ಕಿಟಕಿ ತೆರೆದಿರಬೇಕು. ಅಲಗಿನ ಕೆಲಸದಲ್ಲಿ ಚಿಕ್ಕವರ ಬಳಿ ಹಿರಿಯರು ಇರಬೇಕು. ಮೂರು ಗಾಲಿಗಳ ಮೇಲೆ ನಿಲ್ಲುವ ಇಂಥ ವಿಮಾನದ ಮೂಗಿನೊಳಗೆ ಸೀಸದ ಗುಂಡುಗಳನ್ನಿಡದಿದ್ದರೆ, ಮುಗಿದ ಮೇಲೆ ಅದು ಬಾಲವೂರಿ ಕುಳಿತುಬಿಡುತ್ತದೆ. ಬೆಸುಗೆಯ ಬಿರುಕುಗಳನ್ನು ಮೆತ್ತಿ, ನೀರು ಸೋಕಿಸಿದ ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಬೂದುಬಣ್ಣ ಬಳಿದರೆ ಉಳಿದ ದೋಷಗಳೆಲ್ಲವೂ ಕಣ್ಣಿಗೆ ಬೀಳುತ್ತವೆ. ಅವನ್ನು ತಿದ್ದಿದ ಬಳಿಕವೇ ನಿಜವಾದ ಬಣ್ಣ. ಅದರ ಮೇಲೆ ಹೊಳಪಿನ ವಾರ್ನಿಷು. ಅದರ ಮೇಲೆ ನೀರಿನಲ್ಲಿ ನೆನೆಸಿ ಜಾರಿಸುವ ತ್ರಿವರ್ಣ ವೃತ್ತಗಳೂ ಅಂಕಿಗಳೂ.

ಇಷ್ಟಕ್ಕೆ ವಿಮಾನ ಅಂಗಡಿಯ ಕಪಾಟಿನಲ್ಲಿಟ್ಟ ಬೊಂಬೆಯಂತೆ ಮಿರುಗುತ್ತದೆ. ಇನ್ನು ಮುಂದಿನ ಕೆಲಸವೇ ಈ ವಿದ್ಯೆಯ ಸಾರ: ಬಿಸಿಲು, ಗಾಳಿ, ಧೂಳು, ಎಣ್ಣೆಗಳು ಮಾಡಿದ ಗುರುತುಗಳನ್ನು ಅದರ ಮೈಮೇಲೆ ಮೂಡಿಸುವುದು. ಅಳತೆಗೆ ಸರಿಯಾಗಿ ಮಾಡಿದ ವಸ್ತುವಿನಲ್ಲಿ ಈಗ ಕಾಲವನ್ನೂ ಅಳೆದು ಸೇರಿಸಬೇಕಾಗಿದೆ.

ತಾರ್ಕಿಕರು ಧೂಮವನ್ನು ಕಂಡು ಅಗ್ನಿಯನ್ನು ಊಹಿಸುತ್ತಾರಷ್ಟೆ. ಇಲ್ಲಿ ಅಗ್ನಿಯನ್ನು ತಿಳಿದು ಧೂಮವನ್ನು ಬರೆಯಬೇಕು. ಕಾರಣವಿಲ್ಲದ ಕಲೆ ಒಂದೂ ಇರಕೂಡದು. ಮಾರುತದ ಮೂಗಿನಲ್ಲಿ ೩೦ ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದುವು. ಆದಕಾರಣ ಅವುಗಳ ಬಾಯಿಯ ಹಿಂದೆ ಮಸಿಯ ಛಾಯೆ ಸಲ್ಲುತ್ತದೆ. ಬಾಲದ ಎರಡು ಕೊಳವೆಗಳ ಲೋಹ ಕಾವಿನಿಂದ ಕಂದಾಗಿ, ಅಲ್ಲಲ್ಲಿ ನಸುನೀಲಿಗೆ ತಿರುಗುತ್ತದೆ. ಹಾರುವಾಗ ಸೋರಿದ ಎಣ್ಣೆ ಗಾಳಿಯೊಡನೆ ಹಿಂದಕ್ಕೆ ಹರಿಯುತ್ತದೆ; ನಿಂತಾಗ ಸೋರಿದುದು ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಮೇಲ್ಮೈಯ ಬಣ್ಣವನ್ನು ಬಿಸಿಲು ಮಂಕುಮಾಡುತ್ತದೆ. ಹೊಟ್ಟೆಗೂ ಗಾಲಿಗಳಿಗೂ ಧೂಳು ಹತ್ತುತ್ತದೆ. ಕೆಲವರು ವಿಮಾನಕ್ಕೆ ತುಕ್ಕಿನ ಕೆಂಪು ಬಳಿಯುವುದುಂಟು. ವಿಮಾನದ ಹೊರಮೈ ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದು. ಬಣ್ಣ ಎದ್ದುಹೋದಲ್ಲಿ ಬೆಳ್ಳಿಯ ಮಿಂಚು ಕಾಣಬೇಕೇ ಹೊರತು ಕಬ್ಬಿಣದ ಕೆಂಪಲ್ಲ.

ಸಾಧನಗಳು ಸರಳವಾದುವು. ಬಹಳ ತೆಳುಮಾಡಿದ ಕಪ್ಪುಗಂದು ತೈಲವರ್ಣವನ್ನು ತಗಡುಗಳ ನಡುವಣ ಗೀರುಗಳಲ್ಲಿ ಹರಿಯಬಿಟ್ಟು, ಆರುತ್ತಲೇ ಮೇಲಿನದನ್ನು ಬಟ್ಟೆಯಿಂದ ಹಿಂದುಮುಂದಾಗಿ ಒರೆಸುತ್ತಾರೆ. ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ, ಬಹುಪಾಲನ್ನು ಕಾಗದಕ್ಕೆ ಒತ್ತಿ ಕಳೆದು, ಉಳಿದುದರಿಂದ ಸವೆತದ ಚುಕ್ಕೆಗಳನ್ನಿಡುತ್ತಾರೆ. ಬಣ್ಣದ ಸೀಮೆಸುಣ್ಣವನ್ನು ಅರೆದು ಪುಡಿಮಾಡಿದರೆ ಮರುಭೂಮಿಯ ಧೂಳು ಸಿದ್ಧ. ಕಡೆಯಲ್ಲಿ ಹೊಳಪಿಲ್ಲದ ವಾರ್ನಿಷು ಎಲ್ಲವನ್ನೂ ಕಾಯುತ್ತದೆ.

ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಗಣಿತ ಹೇಳಿಕೊಡುತ್ತದೆ. ಮಾದರಿಯ ಮೇಲಿನ ೧ ಮಿಲಿಮೀಟರಿನ ಗೀರು ನಿಜವಿಮಾನದಲ್ಲಿ ೭ ಸೆಂಟಿಮೀಟರಿಗೂ ಮಿಕ್ಕ ಗಾಯ. ೨ ಮಿಲಿಮೀಟರಿನ ಚುಕ್ಕೆ ಅರ್ಧ ಗೇಣಿಗೂ ಮಿಕ್ಕ ಕಲೆ. ಹತ್ತು ಚುಕ್ಕೆ ಸಾಕಾದಲ್ಲಿ ನೂರನ್ನಿಟ್ಟರೆ ಅದು ಯುದ್ಧದಿಂದ ಬಂದ ವಿಮಾನವಾಗುವುದಿಲ್ಲ, ಗುಜರಿಯಿಂದ ಬಂದದ್ದಾಗುತ್ತದೆ. ವಿಮಾನದ ಆಯುಷ್ಯದ ಯಾವ ದಿನವನ್ನು ತೋರಿಸಬೇಕೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ೧೯೬೧ರ ಮೊದಲ ಮಾರುತವಾದರೆ ಮೈ ಶುಭ್ರವಾಗಿರಬೇಕು, ೧೯೭೧ರದಾದರೆ ದಣಿದಿರಬೇಕು, ಅಂಗಳದಲ್ಲಿ ನಿಂತಿರುವುದಾದರೆ ಮಳೆಯ ಗೆರೆಗಳು ಕೆಳಮುಖವಾಗಿ ಇಳಿದಿರಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆಂದು ಯಾರಾದರೂ ಕೇಳಬಹುದು. ರೆಕ್ಕೆಯು ಒಡಲನ್ನು ಸೇರುವೆಡೆಯಲ್ಲಿ ಬಣ್ಣ ಇತರ ಭಾಗಗಳಿಗಿಂತ ಹೆಚ್ಚಾಗಿ ಸವೆದಿರುತ್ತದೆ. ಹಾರುವವನು ಅಲ್ಲಿ ಹೆಜ್ಜೆಯಿಡುವುದು ಕೆಲವೇ ಸಲ. ಇಂಧನ ತುಂಬುವವನು, ತಗಡು ಬಿಚ್ಚುವವನು, ತಿರುಪು ಬಿಗಿಯುವವನು ಹಗಲಿರುಳೂ ಅದರ ಮೇಲೆಯೇ ಹತ್ತಿ ಇಳಿಯುತ್ತಾರೆ. ಹಾರಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ, ಉಳಿಯತಕ್ಕದ್ದೂ ಹೌದು. ಆದರೆ ಅವರನ್ನು ಸುರಕ್ಷಿತವಾಗಿ ಮೇಲಕ್ಕೆ ಕಳುಹಿದವರಿಗೆ ಆ ಸವೆದ ಬಣ್ಣದ ಹೊರತು ಬೇರೆ ಶಾಸನವಿಲ್ಲ. ಮಿರುಗುವ ಮಾದರಿ ಕಾರ್ಖಾನೆಯನ್ನು ಮಾತ್ರ ನೆನಪಿಗೆ ತರುತ್ತದೆ. ಸರಿಯಾಗಿ ಸವೆದ ಮಾದರಿ ಅದನ್ನು ಕಾಪಾಡಿದ ಕೈಗಳನ್ನೂ ನೆನೆಯುತ್ತದೆ. ಮನೆಯ ಮಕ್ಕಳು ಆ ಮೂಲೆಗೆ ಕುಂಚವನ್ನು ಒಯ್ಯುವಾಗ ಹಿರಿಯರು ಇದೊಂದು ಮಾತನ್ನು ತಿಳಿಸಿಕೊಟ್ಟರೆ ಸಾಕು; ಅವರ ಕೈ ತಾನಾಗಿ ನಿಧಾನವಾಗುವುದು.