ಹನ್ನೆರಡು ವೋಲ್ಟಿನ ಸಾಲು

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಈಗ ಕಡಿಮೆ. ಆಟೋದವರಿಗೂ ಅಂಗಡಿಯ ಬಿಲ್ಲಿಗೂ ಅದು ಎಸ್.ಪಿ. ರೋಡ್. ಟೌನ್‌ಹಾಲ್ ಕಡೆಯಿಂದ ಒಳಹೊಕ್ಕರೆ ಕೇಬಲ್ ಸುರುಳಿ, ಸಿಸಿ ಕ್ಯಾಮೆರಾ, ಪ್ರಿಂಟರ್ ಇಂಕು, ಹಳೇ ಲ್ಯಾಪ್‌ಟಾಪುಗಳ ರಾಶಿ; ಕೈಗಾಡಿಯೂ ಸ್ಕೂಟರೂ ಒಂದನ್ನೊಂದು ಸವರಿಕೊಂಡೇ ಹೋಗುವ ಓಣಿ. ಹೋದ ತಿಂಗಳು ಅಕ್ಕನ ಮಗ ಹಾಸನದಿಂದ ತನ್ನ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಹಳೇ ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಿತ್ತು.

ಯಾವ ಕಾರ್ಡಿಗೆ ಎಷ್ಟು ಬೆಲೆ, ಯಾವ ಆಟದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್, ಎಲ್ಲ ಅವನಿಗೆ ಬಾಯಿಪಾಠ. ಮಹಡಿ ಮೆಟ್ಟಿಲ ಪಕ್ಕದ ಪುಟ್ಟ ಅಂಗಡಿಯಲ್ಲಿ ಅಸೆಂಬಲ್ ಮಾಡುವವರೊಬ್ಬರು ಇದ್ದಾರೆ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು: "ಎಸ್‌ಎಂಪಿಎಸ್ ಯಾವ್ದು ಮರಿ?"

"ನಾನೂರೈವತ್ತು ವ್ಯಾಟ್, ಸರ್."

"ಅದು ಡಬ್ಬಿ ಮೇಲೆ ಬರ್ದಿರೋದು. ಒಳಗೆ ಎಷ್ಟಿದೆ ನೋಡಣ ತಡಿ."

ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿ, ಮೊಬೈಲ್ ಟಾರ್ಚ್ ಬಿಟ್ಟರು. ಎಸ್‌ಎಂಪಿಎಸ್ಸಿನ ಮೈಗೆ ಅಂಟಿಸಿದ ಚೀಟಿಯ ಮೇಲೆ ಧೂಳು ಕೂತಿತ್ತು. ಹೆಬ್ಬೆರಳಿನಲ್ಲಿ ಒರೆಸಿ, ಒಂದು ಸಾಲಿನ ಮೇಲೆ ಉಗುರಿಟ್ಟು ಹುಡುಗನ ಕಡೆ ತಿರುಗಿಸಿದರು. ಗ್ರಾಫಿಕ್ಸ್ ಕಾರ್ಡ್ ಆರಿಸುವ ವಿದ್ಯೆ ಶುರುವಾಗುವುದು ಆ ಸಾಲಿನಿಂದ.

ಕಂಪ್ಯೂಟರ್ ಜೋಡಿಸುವವರ ಬಾಯಲ್ಲಿ ಪವರ್ ಸಪ್ಲೈ ಎಂಬ ಮಾತು ಬರುವುದು ಕಡಿಮೆ. ಅದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಮತ್ತೆ ಸೋಸಿ 12, 5, 3.3 ವೋಲ್ಟುಗಳಾಗಿ ಹಂಚುವ ತಗಡಿನ ಡಬ್ಬಿ. ಕತ್ತರಿಸುವ ವೇಗ ಏರಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಬಹುದು. ಹಳೇ ಸ್ಟೆಬಿಲೈಸರಿನ ಹಾಗೆ ಎರಡು ಕೈಯಲ್ಲಿ ಎತ್ತಬೇಕಾದದ್ದು ಒಂದೇ ಕೈಗೆ ಸಿಕ್ಕಿರುವುದು ಇದರಿಂದಲೇ.

ನಮ್ಮ ಹುಡುಗನ ಡಬ್ಬಿಯ ಚೀಟಿಯಲ್ಲಿ 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 25 ಆಂಪಿಯರ್, 12 ವೋಲ್ಟಿಗೆ 16 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಹನ್ನೆರಡು ಹದಿನಾರಲೆ ನೂರತೊಂಬತ್ತೆರಡು. ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಮ್ಮಿ ಎಲ್ಲವನ್ನೂ ಎಳೆದುಕೊಳ್ಳುವುದು 12 ವೋಲ್ಟಿನ ಸಾಲಿನಿಂದ. ಪ್ರೊಸೆಸರೂ ಅಲ್ಲಿಗೇ ಬಾಯಿ ಹಾಕುತ್ತದೆ. 450 ಎಂದು ದಪ್ಪಕ್ಷರದಲ್ಲಿ ಬರೆದಿರುವ ಡಬ್ಬಿಯಲ್ಲಿ ಇವೆರಡಕ್ಕೂ ಸೇರಿ ಸಿಗುವುದು 192 ವ್ಯಾಟ್. ಮೂರೂ ಸಾಲು ಕೂಡಿಸಿದರೂ 383 ದಾಟುವುದಿಲ್ಲ, ಆ ಮಾತು ಬೇರೆ. ಕೆರೆ ತುಂಬಿದ್ದರೇನು, ತೂಬು ಬಿಟ್ಟಷ್ಟೇ ನೀರು ಗದ್ದೆಗೆ.

ಬೇಡದ ಸಾಲುಗಳಿಗೆ ಇಷ್ಟೊಂದು ಪಾಲು ಏಕೆ ಎಂದರೆ ಅದು ಹಳೇ ಕಾಲದ ಲೆಕ್ಕ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ತಂದಾಗ ಅದರ ಪವರ್ ಸಪ್ಲೈ ಕೇವಲ 63.5 ವ್ಯಾಟಿನದು. ಆಗಿನ ಚಿಪ್ಪುಗಳಿಗೆ ಬೇಕಿದ್ದದ್ದು 5 ವೋಲ್ಟ್. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆಯಲ್ಲೂ ಭಾರವೆಲ್ಲ 5 ಮತ್ತು 3.3ರ ಮೇಲೆಯೇ ಇತ್ತು. 2000ದಲ್ಲಿ ಪೆಂಟಿಯಂ 4 ಬಂದ ಮೇಲೆ ಪ್ರೊಸೆಸರಿಗೆ 12 ವೋಲ್ಟಿನ ನಾಲ್ಕು ಪಿನ್ನಿನ ಪ್ರತ್ಯೇಕ ವೈರು ಬಂತು. ಗ್ರಾಫಿಕ್ಸ್ ಕಾರ್ಡುಗಳೂ ಅದೇ ದಾರಿ ಹಿಡಿದವು. ಅಗ್ಗದ ಡಬ್ಬಿಗಳು ಮಾತ್ರ ಇನ್ನೂ ಹಳೇ ಪಂಚಾಂಗ ನೋಡಿಕೊಂಡೇ ಮುಹೂರ್ತ ಇಡುತ್ತಿವೆ.

ಕಾರ್ಡಿಗೆ ಬೇರೆ ವೈರು ಕೊಡಬೇಕು ಎನ್ನುವುದೇ ಒಂದು ಕಾಲಕ್ಕೆ ಸೋಜಿಗವಾಗಿತ್ತು. 2000ದಲ್ಲಿ 3ಡಿಎಫ್ಎಕ್ಸ್ ಕಂಪನಿ ಒಂದೇ ಕಾರ್ಡಿನ ಮೇಲೆ ನಾಲ್ಕು ಚಿಪ್ ಕೂರಿಸಿ ವೂಡೂ5 6000 ಮಾಡಹೊರಟಿತು. ಮದರ್‌ಬೋರ್ಡಿನ ಸ್ಲಾಟ್ ಕೊಡುವ ಕರೆಂಟು ಅದಕ್ಕೆ ಸಾಲದೆ, ಗೋಡೆಗೆ ಚುಚ್ಚುವ ಪ್ರತ್ಯೇಕ ಅಡಾಪ್ಟರನ್ನೇ ಜೊತೆಗೆ ಕೊಡುವುದೆಂದು ಹೇಳಿತು. ಕಾರ್ಡ್ ಮಾರುಕಟ್ಟೆಗೆ ಬರುವ ಮೊದಲೇ ಕಂಪನಿ ಮುಳುಗಿತು.

ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲಿ ಸಂಸಾರ ಸಾಗಿಸುವ ಕಾರ್ಡುಗಳಿಗೆ ವೈರೇ ಬೇಡ: 30 ವ್ಯಾಟಿನ ಜಿಟಿ 1030, 75 ವ್ಯಾಟಿನ ಜಿಟಿಎಕ್ಸ್ 1050 ಟಿಐ ಮತ್ತು 1650, 53 ವ್ಯಾಟಿನ ಆರ್‌ಎಕ್ಸ್ 6400, 2024ರಲ್ಲಿ ಬಂದ 70 ವ್ಯಾಟಿನ 6 ಜಿಬಿ ಆರ್‌ಟಿಎಕ್ಸ್ 3050. ಕಂಪನಿಗಳು ಹರಾಜು ಹಾಕಿದ ಹಳೇ ಆಫೀಸ್ ಕಂಪ್ಯೂಟರುಗಳಿಗೆ ಇವೇ ಗತಿ. ಆ ಪೆಟ್ಟಿಗೆಗಳ ಎಸ್‌ಎಂಪಿಎಸ್ಸಿನ ಆಕಾರವೇ ಬೇರೆಯಾದ್ದರಿಂದ ಬದಲಿಸುವುದೂ ಸುಲಭವಲ್ಲ. ಆದರೆ ಆರ್‌ಎಕ್ಸ್ 6400ರ ಬಗ್ಗೆ ಒಂದು ಎಚ್ಚರಿಕೆ. ಅದು ಸ್ಲಾಟಿನ ಹದಿನಾರು ದಾರಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ಹಳೇ ಮೂರನೇ ತಲೆಮಾರಿನ ಸ್ಲಾಟಿನಲ್ಲಿ ಕೂತರೆ ಕುಂಟುತ್ತದೆ. ಕರೆಂಟಿನ ಲೆಕ್ಕಕ್ಕೆ ಸರಿಹೋದದ್ದು ಬೇರೆ ಲೆಕ್ಕದಲ್ಲಿ ಕೈ ಕೊಡುವುದು ಹೀಗೆ.

75 ದಾಟಿದರೆ ವೈರು ಬೇಕು. 6 ಪಿನ್ನಿನದು ಇನ್ನೊಂದು 75 ವ್ಯಾಟ್ ತರುತ್ತದೆ, 8 ಪಿನ್ನಿನದು 150. ಹಾಗಾಗಿ ಕಾರ್ಡಿನ ಬೆನ್ನು ನೋಡಿಯೇ ಅದರ ಹಸಿವು ಹೇಳಬಹುದು: ಒಂದು 8 ಪಿನ್ ಎಂದರೆ ಸ್ಲಾಟಿನದೂ ಸೇರಿ 225 ವ್ಯಾಟಿನೊಳಗೆ ಎಂದು ಅರ್ಥ. ಈ ಗಡಿಗಳನ್ನು ಲಘುವಾಗಿ ಎಣಿಸುವಂತಿಲ್ಲ. 2016ರಲ್ಲಿ ಎಎಂಡಿಯ ಆರ್‌ಎಕ್ಸ್ 480 ಬಿಡುಗಡೆಯಾದಾಗ ಅದು ಸ್ಲಾಟಿನಿಂದ ಮಿತಿಗಿಂತ ಹೆಚ್ಚು ಎಳೆಯುತ್ತಿದೆ ಎಂದು ಪರೀಕ್ಷಿಸಿದವರು ಕಂಡುಹಿಡಿದರು. ಒಂದೆರಡು ವಾರದೊಳಗೆ ಡ್ರೈವರ್ ತಿದ್ದಿ ಭಾರವನ್ನು ವೈರಿನ ಕಡೆಗೆ ಸರಿಸಬೇಕಾಯಿತು.

ಎಲ್ಲಕ್ಕಿಂತ ಹೆಸರು ಕೆಡಿಸಿಕೊಂಡದ್ದು 16 ಪಿನ್ನಿನ ಹೊಸ ಕನೆಕ್ಟರ್. ಬೆರಳ ತುದಿಯಷ್ಟಗಲದ ಪ್ಲಾಸ್ಟಿಕ್ಕಿನಲ್ಲಿ 600 ವ್ಯಾಟ್ ಸಾಗಿಸುವ ಸಾಹಸ ಅದು. 600 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 50 ಆಂಪಿಯರ್. ಮನೆಯ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್, ಅದಕ್ಕೇ ದಪ್ಪ ವೈರು ಬೇಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. 2022ರ ಅಕ್ಟೋಬರಿನಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಕನೆಕ್ಟರ್ ಕರಗಿದ ಚಿತ್ರಗಳು ಹರಿದಾಡಿದವು. ಪೂರ್ತಿ ಒಳಕ್ಕೆ ಕೂರದಿದ್ದುದು ಮುಖ್ಯ ಕಾರಣಗಳಲ್ಲೊಂದು ಎಂದು ತಿಳಿದುಬಂತು. ಮರುವರ್ಷ ಪಿನ್ನುಗಳ ಉದ್ದ ತಿದ್ದಿದರು. ಸರಿಯಾಗಿ ಕೂರದಿದ್ದರೆ ಕಾರ್ಡು ಏಳುವುದೇ ಇಲ್ಲ ಎಂಬ ಏರ್ಪಾಡು ಮಾಡಿದರು. 2025ರ ಆರ್‌ಟಿಎಕ್ಸ್ 5090ರ ಹಸಿವು 575 ವ್ಯಾಟ್. ಅಂದರೆ ಅದೇ ಕನೆಕ್ಟರಿಗೆ ಉಳಿದ ಮೀಸಲು 25 ವ್ಯಾಟ್. ನನ್ನನ್ನು ಕೇಳಿದರೆ ಅದು ಎಂಜಿನಿಯರಿಂಗ್ ಅಲ್ಲ, ಜಿಪುಣತನ.

ಅಂಗಡಿಯವರ ಮೇಜಿನ ಡ್ರಾವರಿನಲ್ಲಿ ಅಡಾಪ್ಟರ್ ವೈರುಗಳ ಒಂದು ಗಂಟಿತ್ತು. "ಇವನ್ನ ಯಾರಿಗೂ ಕೊಡಲ್ಲ, ತೋರ್ಸಕ್ಕೆ ಇಟ್ಕಂಡಿದೀನಿ" ಎಂದು ಅದರಿಂದ ಒಂದನ್ನು ಎಳೆದು ಕೊಟ್ಟರು. ಹಾರ್ಡ್ ಡಿಸ್ಕಿನ ಸಾಟಾ ಪ್ಲಗ್ಗನ್ನು 6 ಪಿನ್ನಿಗೆ ಬದಲಿಸುವ ವೈರು. ಸಾಟಾ ಪ್ಲಗ್ಗಿನ 12 ವೋಲ್ಟಿನ ಸಾಮರ್ಥ್ಯ 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ಇನ್ನೊಂದು ತುದಿ 75 ಬೇಡುತ್ತದೆ. ಕೈಯಲ್ಲಿದ್ದ ವೈರಿನ ಪ್ಲಗ್ಗು ಒಂದು ಮಗ್ಗುಲಿಗೆ ಕಂದು ತಿರುಗಿ, ದೋಸೆಯ ಅಂಚಿನ ಹಾಗೆ ಸುರುಟಿಕೊಂಡಿತ್ತು. ಮೂಸಿದರೆ ಇನ್ನೂ ಸುಟ್ಟ ವಾಸನೆ. ಕಾರ್ಡಿಗೆ ಬೇಕಾದ ವೈರು ಎಸ್‌ಎಂಪಿಎಸ್ಸಿನಿಂದಲೇ ಹುಟ್ಟಿಬಂದಿಲ್ಲ ಎಂದರೆ ಆ ಎಸ್‌ಎಂಪಿಎಸ್ ಆ ಕಾರ್ಡಿಗೆ ಹುಟ್ಟಿದ್ದಲ್ಲ ಎಂದು ತಿಳಿದುಕೊಳ್ಳುವುದು ಲೇಸು. ಬಿಚ್ಚಿ ಹಾಕುವ ಮಾಡ್ಯುಲರ್ ವೈರುಗಳಲ್ಲೂ ಒಂದು ಕಂಟಕವಿದೆ. ಒಂದು ಡಬ್ಬಿಯ ವೈರು ಇನ್ನೊಂದರಲ್ಲಿ ಸಲೀಸಾಗಿ ಕೂರಬಹುದು. ಆದರೆ ಒಳಗಿನ ಪಿನ್ನುಗಳ ಕ್ರಮ ಬೇರೆ ಇದ್ದರೆ, ಗುಂಡಿ ಒತ್ತಿದ ಕ್ಷಣಕ್ಕೆ ಡಿಸ್ಕೂ ಬೋರ್ಡೂ ಒಟ್ಟಿಗೆ ಹೋಗುತ್ತವೆ.

ಈ ವಿಷಯದಲ್ಲಿ ದೊಡ್ಡವನಂತೆ ಮಾತಾಡುವ ಹಕ್ಕು ನನಗೂ ಪೂರ್ತಿ ಇಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಎಸ್‌ಎಂಪಿಎಸ್ಸಿನ ಹಿಂಬದಿಯಲ್ಲಿ 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ಚಿತ್ತು. ಆಚೆ ತಳ್ಳಿದರೆ 115 ಎಂದಾಗುತ್ತಿತ್ತು. ಅಮೆರಿಕದಂಥ ದೇಶಗಳ ವೋಲ್ಟೇಜಿಗೆ ಇರುವ ಸ್ವಿಚ್ಚು. ಕಡಿಮೆ ವೋಲ್ಟೇಜಿನಲ್ಲಿ ನಡೆದರೆ ಕರೆಂಟ್ ಬಿಲ್ ಉಳಿಯಬಹುದೆಂದು ತಳ್ಳಿ ನೋಡಿದೆ. ಢಂ ಎಂದ ಸದ್ದಿಗೆ ಅಡುಗೆಮನೆಯಿಂದ ಅಮ್ಮ ಓಡಿ ಬಂದಿದ್ದಳು. ಈಗಿನ ಒಳ್ಳೆಯ ಡಬ್ಬಿಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಸ್ವಿಚ್ಚೇ ಇಲ್ಲ.

ಹುಡುಗನ ಲೆಕ್ಕಕ್ಕೆ ಮರಳೋಣ. ಕೋವಿಡ್ ಕಾಲದ ಆನ್‌ಲೈನ್ ಕ್ಲಾಸಿಗೆಂದು ಮಾಡಿಸಿದ ಕಂಪ್ಯೂಟರ್. ಒಳಗಿರುವುದು ಐ5 10400 ಪ್ರೊಸೆಸರ್. ಇಂಟೆಲ್ ಹೇಳುವಂತೆ 65 ವ್ಯಾಟಿನದು, ಆದರೆ ಅರೆ ನಿಮಿಷದ ಮಟ್ಟಿಗೆ 134ಕ್ಕೂ ಜಿಗಿಯಬಲ್ಲದು. ಆಟದ ಹೊತ್ತಿಗೆ 75 ಎಂದಿಟ್ಟುಕೊಂಡು, ಬೋರ್ಡು, ಡಿಸ್ಕು, ಫ್ಯಾನುಗಳಿಗೆ 40 ಕಳೆದರೆ 192ರಲ್ಲಿ ಉಳಿಯುವುದು 77. ವೈರಿಲ್ಲದ ಕಾರ್ಡು ಕೂದಲೆಳೆಯಲ್ಲಿ ನಿಂತೀತು. ಆದರೆ ಅವನಿಗೆ ಬೇಕಿದ್ದದ್ದು ಬೇರೆ. ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಎಐ ಮಾಡೆಲ್ ಓಡಿಸಬೇಕು, ಅದಕ್ಕೆ ಕಾರ್ಡಿನ ಮೆಮೊರಿ ಹೆಚ್ಚಿರಬೇಕು. 12 ಜಿಬಿಯ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060ರ ಮೇಲೆ ಕಣ್ಣು. ಅದು 170 ವ್ಯಾಟಿನದು. 550 ವ್ಯಾಟಿನ ಪವರ್ ಸಪ್ಲೈ ಇರಲಿ ಎನ್ನುತ್ತದೆ ಎನ್‌ವಿಡಿಯಾ.

170ರ ಕಾರ್ಡಿಗೆ 550 ಏಕೆ? ತಯಾರಕರು ಅಗ್ಗದ ಡಬ್ಬಿಗಳ ಸುಳ್ಳನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ, ಅದೊಂದು. ಇನ್ನೊಂದು, ಕಾರ್ಡು ಸದಾ ಒಂದೇ ಹದದಲ್ಲಿ ಉಣ್ಣುವುದಿಲ್ಲ. ತೆರೆಯ ಮೇಲೆ ಸ್ಫೋಟವೋ ಮಳೆಯೋ ಬಂದಾಗ ಕಣ್ಣೆವೆಯಿಕ್ಕುವುದಕ್ಕಿಂತ ಕಡಿಮೆ ಹೊತ್ತು ಬೇಡಿಕೆ ಒಮ್ಮೆಗೇ ನೆಗೆಯುತ್ತದೆ. ಆ ನೆಗೆತ ತಾಳದ ಎಸ್‌ಎಂಪಿಎಸ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆಡುತ್ತಿದ್ದವರು ವಿಂಡೋಸಿಗೆ ಬೈಯುತ್ತಾರೆ. 2022ರ ಎಟಿಎಕ್ಸ್ 3.0 ನಿಯಮದ ಪ್ರಕಾರ ದೊಡ್ಡ ಡಬ್ಬಿಗಳು ತಮ್ಮ ಅಳತೆಯ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ಹೊರಬೇಕು.

2004ರಲ್ಲಿ ಶುರುವಾದ 80 ಪ್ಲಸ್ ಎಂಬ ಮುದ್ರೆಯನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ಬ್ರಾಂಜ್, ಗೋಲ್ಡ್ ಎಂಬುದು ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪೋಲಾಗದೆ ಒಳಗೆ ತಲುಪುತ್ತದೆ ಎನ್ನುವ ಲೆಕ್ಕ. 500 ವ್ಯಾಟಿನ ಡಬ್ಬಿ ಒಳಕ್ಕೆ 500 ಕೊಡಬೇಕು. ಶೇ 80ರ ದಕ್ಷತೆಯಿದ್ದರೆ ಅಷ್ಟು ಕೊಡಲು ಗೋಡೆಯಿಂದ 625 ಎಳೆಯುತ್ತದೆ; ಮಿಕ್ಕ 125 ಬಿಸಿಯಾಗಿ ಫ್ಯಾನಿನಲ್ಲಿ ಹೋಗುತ್ತದೆ. ಮುದ್ರೆ ಗುಣಕ್ಕೆ ಸಾಕ್ಷಿಯಲ್ಲ. ಆದರೆ ಮುದ್ರೆಯೇ ಇಲ್ಲದ ಡಬ್ಬಿಯನ್ನು ನಾನಂತೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಈ ಬೀದಿಯಲ್ಲಿ ತುಂಬಿಕೊಳ್ಳಲು ಒಂದು ಕಾರಣ ದೂರದ್ದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯವನ್ನು ಕಾರ್ಡುಗಳಿಂದ ಗಣಿ ಮಾಡುವ ಪದ್ಧತಿಯೇ ನಿಂತುಹೋಗಿ, ಹಗಲಿರುಳು ದುಡಿದ ಕಾರ್ಡುಗಳು ಮಾರಾಟಕ್ಕೆ ಬಿದ್ದವು. ಈ ಚಿಪ್ಪುಗಳಿಗೆ ಊರಿನ ಹತ್ತಿರದ ನಂಟೂ ಒಂದಿದೆ: 2023ರ ನವೆಂಬರಿನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲೇ. ಚಿಪ್ಪಿನ ನಕ್ಷೆ ಬರೆಯುವವರೂ ಅದರ ಧೂಳು ಊದಿ ಮಾರುವವರೂ ಒಂದೇ ಊರಿನ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ.

ಆ ದಿನ ನಾವು ಮೊದಲು ಕೊಂಡದ್ದು 550 ವ್ಯಾಟಿನ ಬ್ರಾಂಜ್ ಎಸ್‌ಎಂಪಿಎಸ್. ಚೀಟಿಯನ್ನು ಹುಡುಗನೇ ಓದಿದ: 12 ವೋಲ್ಟಿಗೆ 45 ಆಂಪಿಯರ್, 540 ವ್ಯಾಟ್. ಆಮೇಲೆ ಕಾರ್ಡು. ಅದನ್ನು ಮುಕ್ಕಾಲು ಗಂಟೆ ಓಡಿಸಿ ತೋರಿಸಿದರು. 8 ಪಿನ್ನಿನ ಕೊಂಡಿ ಟಕ್ ಎಂದು ಕೂತದ್ದನ್ನು ಹುಡುಗನ ಕೈಯಲ್ಲೇ ಎಳೆಸಿ ನೋಡಿದರು. ಜಮಖಾನ ಮತ್ತೆ ಸುತ್ತಿ ಬಸ್ ಹತ್ತಿಸಿದೆ.

ಮೂರನೇ ದಿನ ಸಂಜೆ ಫೋನ್ ಬಂತು. ಅಲ್ಲಿ ಕರೆಂಟ್ ಹೋಗಿತ್ತು. ಹಿಂದೆ ಯಾವುದೋ ಒಂದೇ ಸಮ ಕುಯ್ಯೋ ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು.

"ಮಾವ, ಯುಪಿಎಸ್ ಆಫ್ ಆಗೋಯ್ತು."

ಅದೊಂದನ್ನು ನಾವ್ಯಾರೂ ಎಣಿಸಿರಲಿಲ್ಲ. ಅಕ್ಕನ ಮನೆಯ ಯುಪಿಎಸ್ಸೂ ಆನ್‌ಲೈನ್ ಕ್ಲಾಸಿನ ಕಾಲದ್ದೇ. ಕಾರ್ಡು 170, ಪ್ರೊಸೆಸರ್ 75, ಮಿಕ್ಕದ್ದು 40; ಎಸ್‌ಎಂಪಿಎಸ್ಸಿನ ಪೋಲು ಸೇರಿಸಿದರೆ ಸುಮಾರು 335, ಮಾನಿಟರಿಗೆ 25. ನಾನು ಕ್ಯಾಲೆಂಡರಿನ ಅಂಚಿನಲ್ಲಿ ಕೂಡಿಸುತ್ತಿರುವಾಗಲೇ ಆಚೆಯಿಂದ ಕುರ್ಚಿ ಎಳೆದ ಸದ್ದು, ಉಫ್ ಎಂದು ಧೂಳು ಊದಿದ ಸದ್ದು.

"ಟಾರ್ಚ್ ಹಾಕಿದೀನಿ ಮಾವ. ಮೇಲ್ಗಡೆ ದಪ್ಪಗೆ 600 ವಿಎ ಅಂತ ಐತೆ. ಅದ್ ಬಿಡಿ. ಕೆಳಗೆ ಸಣ್ಣಕ್ಷರದಲ್ಲಿ 360 ವ್ಯಾಟ್ ಅಂತ ಬರ್ದವ್ರೆ."