ಗಣಿತಪಾಠದಲ್ಲಿ ವಾದ

ಲೆಕ್ಕದ ಪಾಠದಲ್ಲಿ ಮಕ್ಕಳು ಮೌನವಾಗಿರಬೇಕೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಉತ್ತರವು ಒಂದೇ ಆಗಿರುವಲ್ಲಿ ಮಾತಿಗೆ ಅವಕಾಶವೆಲ್ಲಿಯದು ಎಂದು ಕೇಳುವವರುಂಟು. ಉತ್ತರವು ಒಂದೇ ಎಂಬುದು ದಿಟ. ಆದರೆ ಅದನ್ನು ಸೇರುವ ಹಾದಿಗಳು ಅನೇಕ.

ಇದು ಹೊಸ ಮಾತಲ್ಲ. ಕ್ರಿ. ಶ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಅದರ ಲೀಲಾವತೀ ಭಾಗದಲ್ಲಿ, 135ನ್ನು 12ರಿಂದ ಗುಣಿಸಿದರೆ ಎಷ್ಟೆಂದು ಬಾಲೆಯೊಬ್ಬಳನ್ನು ಕೇಳುವರು. ಬಳಿಕ ಒಂದೇ ರೀತಿಯಿಂದ ತೃಪ್ತರಾಗದೆ, 12ನ್ನು 8 ಮತ್ತು 4 ಎಂದು ಒಡೆದು ಗುಣಿಸಿ ಕೂಡುವುದು, 4ರಿಂದ ಗುಣಿಸಿ ಬಂದುದನ್ನು ಪುನಃ 3ರಿಂದ ಗುಣಿಸುವುದು, 20ರಿಂದ ಗುಣಿಸಿ 8ರ ಗುಣಲಬ್ಧವನ್ನು ಕಳೆಯುವುದು, ಹೀಗೆ ಹಲವು ಮಾರ್ಗಗಳನ್ನು ತೋರಿಸುವರು. ಎಲ್ಲವೂ 1620ಕ್ಕೇ ಬಂದು ಸೇರುವುವು. ನಾಲ್ವರು ಮಕ್ಕಳು ಈ ನಾಲ್ಕು ಹಾದಿಗಳನ್ನು ಹಿಡಿದು ಬಂದು ಪರಸ್ಪರ ವಿವರಿಸಿದರೆ ಅದಕ್ಕಿಂತ ಉತ್ತಮವಾದ ಪಾಠವುಂಟೆ?

ತಪ್ಪು ಉತ್ತರಕ್ಕೂ ಕಾರಣವಿರುವುದು. 52ರಲ್ಲಿ 27 ಕಳೆದರೆ 35 ಎಂದು ಮಗುವೊಂದು ಹೇಳಿತೆನ್ನೋಣ. 2ರಲ್ಲಿ 7 ಹೋಗದೆಂದು ಕಂಡು, ಅದು 7ರಲ್ಲಿ 2ನ್ನು ಕಳೆದಿದೆ. “ತಪ್ಪು, ಕುಳಿತುಕೋ” ಎಂದರೆ ಆ ಕಾರಣವು ಒಳಗೇ ಉಳಿದು, “ನನಗೆ ಲೆಕ್ಕ ಬಾರದು” ಎಂಬ ಭಯವು ಜೀವಮಾನವೆಲ್ಲ ಬಾಧಿಸೀತು. “35ಕ್ಕೆ 27 ಕೂಡಿಸಿ ನೋಡೋಣವೆ?” ಎಂದರೆ 62 ಬರುವುದು; ಮಗುವು ತಾನೇ ಬೆರಗಾಗಿ ವಿಚಾರಮಾಡುವುದು.

ನ್ಯಾಯಶಾಸ್ತ್ರದಲ್ಲಿ ತತ್ತ್ವವನ್ನರಿಯಲು ಆಡುವ ಮಾತಿಗೆ ವಾದವೆಂದೂ ಗೆಲುವಿಗಾಗಿ ಆಡುವ ಮಾತಿಗೆ ಜಲ್ಪವೆಂದೂ ಹೆಸರು. ಜಾಣರಿಬ್ಬರೇ ಕೂಗಾಡುವ ತರಗತಿಯಲ್ಲಿ ನಡೆಯುವುದು ಜಲ್ಪವೇ ಸರಿ. ಆದುದರಿಂದ ಉಪಾಧ್ಯಾಯರು ಪ್ರಶ್ನೆ ಹಾಕಿದೊಡನೆ ಉತ್ತರವನ್ನು ಬೇಡದೆ ಕೊಂಚ ತಡೆಯಬೇಕು. ಪಕ್ಕದವರೊಡನೆ ಮಾತನಾಡಿಕೊಳ್ಳಲು ಬಿಡಬೇಕು. ಒಬ್ಬನು ಹೇಳಿದ ರೀತಿಯನ್ನು ಮೆಲುದನಿಯ ಮತ್ತೊಬ್ಬಳು ತನ್ನ ಮಾತಿನಲ್ಲಿ ಹೇಳುವಂತೆ ಮಾಡಬೇಕು.

ಇದಕ್ಕೆ ಹೊತ್ತು ಸಾಲದೆಂಬ ಆಕ್ಷೇಪವುಂಟು. ಅರ್ಥವರಿಯದೆ ಮಾಡಿದ ಹತ್ತು ಲೆಕ್ಕಗಳು ಪರೀಕ್ಷೆಯ ಮರುದಿನವೇ ಮರೆತುಹೋಗುವುವು. ಅರಿತು ಮಾಡಿದ ಎರಡು ಲೆಕ್ಕಗಳು ಮುಂದಿನವುಗಳಿಗೆ ದಾರಿಯಾಗುವುವು.

ಮನೆಯಲ್ಲಿ ತಾಯ್ತಂದೆಗಳೂ ಇದಕ್ಕೆ ನೆರವಾಗಬಹುದು. ಮಗುವಿನ ಉತ್ತರ ಸರಿಯಾಗಿರುವಾಗಲೂ “ಹೇಗೆ ಬಂತು, ಹೇಳು ಕಂದ” ಎಂದು ಕೇಳಿರಿ. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಗದರಿಕೆಯಂತೆ ತೋರುವುದು. ಯಾವಾಗಲೂ ಕೇಳಿದರೆ ಅದು ಆದರವೆಂದು ಮಗುವಿಗೆ ತಿಳಿಯುವುದು.